ಮೈಲುತುತ್ತದ ಉಗುರುಗಳು

ಲೈಬ್ರರಿ ಅಕ್ಕನ ಹತ್ತೂ ಬೆರಳಿನ ಉಗುರುಗಳು ತಿಳಿನೀಲಿಯಾಗಿದ್ದವು. ಹೆಬ್ಬೆರಳಿನವು ಎಲ್ಲಕ್ಕಿಂತ ಗಾಢ, ಕಿರುಬೆರಳಿನವು ನೀರು ಬೆರೆಸಿದ ಹಾಗೆ ತೆಳು. ಊರಿಗೆ ಹೊಸದಾಗಿ ಬಂದ ಸೊಸೆಯಂದಿರು ಅದನ್ನು ಬಣ್ಣವೆಂದುಕೊಂಡು, "ಈ ವಯಸ್ಸಿನಾಗ ಅಕ್ಕಾರ ಶೋಕಿ ನೋಡ್ರಿ" ಎಂದು ನಳದ ಹತ್ತಿರ ನಗುತ್ತಿದ್ದರು. ಬಣ್ಣವಲ್ಲ ಅದು, ಮೈಲುತುತ್ತ. ಹರಿದ ಪುಸ್ತಕಗಳನ್ನು ಅಂಟಿಸಲು ಅವರು ಮೈದಾ ಹಿಟ್ಟಿನ ಅಂಟು ಕುದಿಸುತ್ತಿದ್ದರು. ಹುಳ ಬೀಳಬಾರದೆಂದು ಅದರಲ್ಲಿ ಮೈಲುತುತ್ತದ ನೀಲಿ ಹರಳನ್ನು ಪುಡಿ ಮಾಡಿ ಹಾಕುತ್ತಿದ್ದರು. ಕುಂಚ ಗಿಂಚ ಇಲ್ಲ, ಬೆರಳಿನಿಂದಲೇ ಸವರುವುದು. ಇಪ್ಪತ್ತು ವರ್ಷ ಸವರಿದ್ದು ಉಗುರಿನಲ್ಲಿ ಕೂತಿತ್ತು.

ನಮ್ಮೂರು ಅಫಜಲಪುರ ತಾಲೂಕಿನದು. ಘತ್ತರಗಿ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕು. ನಮ್ಮ ಮನೆಗೂ ಪಂಚಾಯಿತಿ ಲೈಬ್ರರಿಗೂ ಒಂದೇ ಗೋಡೆ. ಆ ಲೈಬ್ರರಿ ನೋಡಿಕೊಳ್ಳುತ್ತಿದ್ದವರನ್ನು ಊರೆಲ್ಲ ಲೈಬ್ರರಿ ಅಕ್ಕ ಎನ್ನುತ್ತಿತ್ತು, ನಾನೂ. ತವರು ಜೇವರ್ಗಿ ಕಡೆಯ ಕೊಳಕೂರ. ಗಂಡ ಬೇಗ ಹೋದರು, ಮಕ್ಕಳಿಲ್ಲ. ಲೈಬ್ರರಿಯ ಹಿಂದಿನ ಕೋಣೆಯಲ್ಲೇ ಒಲೆ, ಹಾಸಿಗೆ, ಲಿಂಗಪೂಜೆ ಎಲ್ಲ.

ಪುಸ್ತಕ ವಾಪಸು ತಂದವರ ಕೈಯಿಂದ ತೆಗೆದುಕೊಂಡೊಡನೆ ಅವರು ಮೊದಲು ಮಾಡುತ್ತಿದ್ದ ಕೆಲಸ ಮೂಸಿ ನೋಡುವುದು. ಒಮ್ಮೆ ನಾನು ಒಂದು ಕಾದಂಬರಿ ಹಿಂತಿರುಗಿಸಿದಾಗ ಮೂಸಿದರು, ಬಿಡಿಸಿದರು, ನಡುವಿನ ಪುಟದ ಎಣ್ಣೆ ಕಲೆಯ ಮೇಲೆ ಬೆರಳಿಟ್ಟರು.

"ಏನಬೇ ತಂಗಿ, ಈ ಬುಕ್ಕ ನಿಮ್ಮನ್ಯಾಗ ಉಂಡ ಬಂದದಲ್ಲ!"

"ಇಲ್ರಿ ಅಕ್ಕಾ, ಪುಂಡಿಪಲ್ಯಕ್ಕ ಒಗ್ಗರಣಿ ಕೊಡಾಕತ್ತಿದ್ದೆ, ಜರಾ ಸಿಡೀತು."

"ಪಲ್ಯ ಮಾಡುವಾಗ ಪಲ್ಯ ಮಾಡು, ಓದುವಾಗ ಓದು. ಎರಡೂ ಕೆಡಸಬ್ಯಾಡ."

ಬೈದರೂ ಮರುದಿನ ಅದೇ ಕಾದಂಬರಿಯ ಎರಡನೆಯ ಭಾಗ ತೆಗೆದಿಟ್ಟಿದ್ದರು.

ನನ್ನ ಅಪ್ಪನ ಪದದ ಪುಸ್ತಕದ ಸಂಗತಿ ಇಲ್ಲೇ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನನ್ನ ತವರು ಆಳಂದದ ಕಡೆ, ಜಿಡಗಾಕ್ಕೆ ಹತ್ತಿರ. ಅಪ್ಪ ಭಜನೆಯಲ್ಲಿ ತತ್ವಪದ ಹಾಡುತ್ತಿದ್ದರು. ಕೇಳಿದ ಪದಗಳನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಶಾಯಿಯಿಂದ ಬರೆದಿಟ್ಟಿದ್ದರು. ಅವರು ತೀರಿದ ಮೇಲೆ ಅಣ್ಣ ಅದನ್ನು ನನಗೆ ಕೊಟ್ಟ. ಅಪ್ಪನ ಕೈಬರಹವೆಂದು ಈ ಲೋಕದಲ್ಲಿ ಉಳಿದದ್ದು ಅದೊಂದೇ. ಹಾಳೆಗಳು ಬಿಡಿಬಿಡಿಯಾಗಿದ್ದವು, ಅಂಚು ಹರಿದಿದ್ದವು. ಲೈಬ್ರರಿ ಅಕ್ಕನ ಕೈಗೆ ಕೊಟ್ಟೆ. ಒಂದು ತಿಂಗಳು ಇಟ್ಟುಕೊಂಡರು. ಬೆನ್ನಿಗೆ ಅಂಟು ಸವರಿ, ಹರಿದ ಹಾಳೆಗಳಿಗೆಲ್ಲ ಮೇಲೆ ಕೆಳಗೆ ಸೆಲೋಟೇಪು ಹಚ್ಚಿ, ಹೊಸ ರಟ್ಟು ಕಟ್ಟಿ, ಕರವಸ್ತ್ರದಲ್ಲಿ ಸುತ್ತಿಕೊಂಡು ತಂದರು.

"ಚಾ ಕುಡೀತೇನಿ, ಆದರ ಮೊದಲ ಬುಕ್ಕ ನೋಡು. ಇನ್ನ ನಿಮ್ಮ ಮೊಮ್ಮಕ್ಕಳ ತನಕ ಫಿಕರ್ ಇಲ್ಲ."

ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಅವರ ಪಾದ ಮುಟ್ಟಿದೆ. ಟ್ರಂಕಿನಲ್ಲಿಟ್ಟೆ. ಅಪ್ಪನ ಅಕ್ಷರ ಕಂಡರೆ ಆ ದಿನ ಕೆಲಸ ಸಾಗುತ್ತಿರಲಿಲ್ಲ, ಹಾಗಾಗಿ ವರುಷಗಟ್ಟಲೆ ಬಿಚ್ಚಿ ನೋಡಲಿಲ್ಲ.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕನ ಫೋನಿಗೆ ಒಂದು ಸುತ್ತೋಲೆ ಬಂತು. ದೇಶದ ದೊಡ್ಡ ಗ್ರಂಥಾಲಯದವರು ಆನ್‌ಲೈನಿನಲ್ಲಿ ಪಾಠ ನಡೆಸುತ್ತಾರಂತೆ, ಹಳೆಯ ಪುಸ್ತಕ ಕಾಗದಗಳನ್ನು ಉಳಿಸುವ ಬಗೆ, ಶನಿವಾರ ಬಿಟ್ಟು ಶನಿವಾರ ಹನ್ನೆರಡು ಪಾಠ, ಮಧ್ಯಾಹ್ನ ಮೂರಕ್ಕೆ, ಯಾರು ಬೇಕಾದರೂ ಸೇರಬಹುದು. ತಾಲೂಕಿನ ಉಳಿದ ಲೈಬ್ರರಿಯವರು ಹೆಬ್ಬೆಟ್ಟಿನ ಚಿತ್ರ ಒತ್ತಿ ಮರೆತರು. ಅಕ್ಕ ಫೋನು ಹಿಡಿದು ನಮ್ಮ ಅಡುಗೆಮನೆಗೇ ಬಂದರು.

"ತಂಗಿ, ಇದರಾಗ ನನ್ನ ಹೆಸರು ಹಾಕು. ಇಷ್ಟ ವರ್ಷ ಯಾರೂ ನನಗ ಕಲಿಸಿಲ್ಲ. ನನ್ನಷ್ಟಕ್ಕ ನಾನ ಮಾಡ್ಕೋತ ಬಂದೇನಿ."

"ಇಂಗ್ಲಿಷಿನಾಗ ಇರ್ತದ್ರಿ ಅಕ್ಕಾ."

"ನೀ ಅದೀಯಲ್ಲ."

ನನ್ನ ಇಂಗ್ಲಿಷು ಮಕ್ಕಳ ಶಾಲೆಯ ಡೈರಿ ಓದುವಷ್ಟು. ಆದರೆ ಅವರಿಗೆ ಹಿಂದಿ ಚೆನ್ನಾಗಿ ತಿಳಿಯುತ್ತಿತ್ತು. ಪರದೆಯ ಮೇಲಿನ ಮೇಡಂ ಎರಡನ್ನೂ ಬೆರೆಸಿ ಮಾತಾಡುತ್ತಿದ್ದರು. ಇಬ್ಬರ ಅರ್ಧ ಅರ್ಧ ಸೇರಿ ಒಂದು ಪಾಠವಾಗುತ್ತಿತ್ತು. ನೆಟ್‌ವರ್ಕು ನಮ್ಮ ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕಕ್ಕೆ ಮಾತ್ರ. ಅಲ್ಲಿ ಎರಡು ಬಿದಿರಿಗೆ ಕೌದಿ ಕಟ್ಟಿ ನೆರಳು ಮಾಡಿದೆ. ಜೋಳ ಅಳೆಯುವ ಹಿತ್ತಾಳೆ ಸೇರಿಗೆ ಫೋನು ಒರಗಿಸಿಟ್ಟೆ. ಅಕ್ಕ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇನ್ನೂರು ಪುಟದ ನೋಟುಬುಕ್ಕು ಹಿಡಿದು ಎರಡೂವರೆಗೇ ಮೆಟ್ಟಿಲು ಹತ್ತುತ್ತಿದ್ದರು. ಚಪ್ಪಲಿ ಕೆಳಗೇ ಬಿಡುತ್ತಿದ್ದರು. ಬಿಸಿಲಿಗೆ ಮಾಳಿಗೆ ಸುಡುತ್ತಿತ್ತು.

"ಕಾಲು ಸುಡ್ತದ್ರಿ ಅಕ್ಕಾ, ಹಾಕ್ಕೊಂಡ ಬರ್ರಿ."

"ಸಾಲಿಗೆ ಯಾರಾರ ಚಪ್ಪಲ್ ಹಾಕ್ಕೊಂಡ ಕೂಡ್ತಾರೇನ ಬೇ?"

ಮೂರು ಪಾಠ ಸುಖದಿಂದ ನಡೆದವು. ಕಾಗದ ಯಾವುದರಿಂದ ಆಗುತ್ತದೆ, ಬೆಳಕು ಏನು ಮಾಡುತ್ತದೆ, ಬೇವಿನೆಲೆ ಇಡುವುದು ಒಳ್ಳೆಯದೋ. ನಾಲ್ಕನೆಯದು ರಿಪೇರಿಯ ಪಾಠ. ಅಕ್ಕ ಅವತ್ತು ಮದುವೆಗೆ ಬಂದವರ ಹಾಗೆ ಕೂತಿದ್ದರು. ಅದು ಅವರಿಗೆ ಗೊತ್ತಿದ್ದ ಕೆಲಸವಲ್ಲವೇ.

ಮೇಡಂ ಒಂದು ಹಾಳೆಯ ಚಿತ್ರ ತೋರಿಸಿದರು. ಕಂದು ಪಟ್ಟಿ, ಅದರ ಕೆಳಗೆ ಕದಡಿದ ಅಕ್ಷರ. ಇದು ಸೆಲೋಟೇಪಿನ ಕೆಲಸ ಎಂದರು. ಅದರ ಅಂಟು ಕಾಗದದೊಳಗೆ ಇಳಿಯುತ್ತದೆ, ಶಾಯಿಯನ್ನು ಎಳೆಯುತ್ತದೆ, ತೆಗೆದರೆ ಅಕ್ಷರವೂ ಬರುತ್ತದೆ. ಇನ್ನೊಂದು ಚಿತ್ರ: ಬೆನ್ನು ಪುಡಿಪುಡಿಯಾದ ಪುಸ್ತಕ. ಹಿಟ್ಟಿನ ಅಂಟಿಗೆ ಮೈಲುತುತ್ತ ಹಾಕುವ ರೂಢಿ ಇನ್ನೂ ಇದೆ, ಅದರ ತಾಮ್ರ ಕಾಗದವನ್ನು ಒಳಗಿನಿಂದ ಸುಡುತ್ತದೆ, ಹುಳವಾದರೂ ಮೇಲು ಎಂದರು.

ನಾನು ಹೇಳುವುದನ್ನು ನಿಲ್ಲಿಸಿದೆ.

"ಹೇಳು," ಎಂದರು ಅಕ್ಕ. "ನನಗ ತಿಳೀತು. ಆದರೂ ನೀ ಹೇಳು."

ಕನ್ನಡದಲ್ಲಿ ಹೇಳಿದೆ. ಅವರು ತಮ್ಮ ಎರಡೂ ಕೈ ಮುಂದೆ ಚಾಚಿ ಉಗುರು ನೋಡಿಕೊಂಡರು. ನೋಟುಬುಕ್ಕು ಮುಚ್ಚಿದರು. ಪಾಠ ಇನ್ನೂ ನಡೆದಿತ್ತು, ಮೇಡಂ ಮಾತಾಡುತ್ತಲೇ ಇದ್ದರು. ಅಕ್ಕ ಒಂದು ಕೈಯಿಂದ ಗೋಡೆ ಹಿಡಿದು ಮೆಟ್ಟಿಲಿಳಿದರು.

ಸೋಮವಾರ ಲೈಬ್ರರಿಯ ಬಾಗಿಲು ತೆಗೆಯಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಹಿಂದಿನಿಂದ ಹೋಗಿ ನೋಡಿದೆ. ನೆಲದ ತುಂಬ ಪುಸ್ತಕ ಹರಡಿಕೊಂಡು ನಡುವೆ ಕೂತಿದ್ದರು. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು.

"ಈ ಕಡೆಯವು ನಾ ಮುಟ್ಟಿಲ್ಲ, ಹರಿದಾವ, ಆದರ ಛಲೋ ಅವ. ಈ ಕಡೆಯವು ನಾ ಮಾಡಿದ್ದು. ಹಿಡಿದ ನೋಡು."

ಹಿಡಿದೆ. ಒಂದು ಪುಸ್ತಕದ ಬೆನ್ನು ಹಳೆಯ ರೊಟ್ಟಿಯ ಹಾಗೆ ಮುರಿದು ನನ್ನ ಅಂಗೈಗೆ ಬಂತು. ಹಳೆಯವಾದರೆ ಹಾಗೇರಿ ಎಂದೆ. ಅವರು ತಾವು ಮುಟ್ಟದ ಎಡಗಡೆಯ ಸಾಲು ತೋರಿಸಿ, "ಅವು ಇವಕ್ಕಿಂತ ಹಳೇವು," ಎಂದರು. ಆಮೇಲೆ ಕೇಳಿದರು.

"ನಿಮ್ಮಪ್ಪಾರ ಪದದ ಬುಕ್ಕ ಎಲ್ಲದ?"

ಟ್ರಂಕು ತೆಗೆದು ಇಬ್ಬರೂ ಕೂತೆವು. ಕನ್ನಡಿಯ ಹಾಗೆ ಹೊಳೆದಿದ್ದ ಪಟ್ಟಿಗಳು ಚಹಾದ ಬಣ್ಣಕ್ಕೆ ತಿರುಗಿದ್ದವು. ಕೆಲವು ಒಣಗಿ ಎದ್ದಿದ್ದವು, ಎದ್ದಲ್ಲಿ ಅಪ್ಪನ ಅಕ್ಷರಗಳೂ ಪಟ್ಟಿಗಂಟಿಕೊಂಡೇ ಎದ್ದಿದ್ದವು. ಟೇಪು ಹಚ್ಚದ ಜಾಗದಲ್ಲಿ ಶಾಯಿ ನಿನ್ನೆ ಬರೆದ ಹಾಗೆ ಇತ್ತು.

"ನಾ ಮುಟ್ಟದಿದ್ದರ ಇದು ಉಳೀತಿತ್ತು," ಎಂದರು.

ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಒಂದು ಗಳಿಗೆ ಬಂತು. ಅವರ ಮುಖ ನೋಡಿದೆ, ಆ ಸಿಟ್ಟು ನಿಲ್ಲಲು ಜಾಗ ಸಿಗದೆ ಹೊರಟುಹೋಯಿತು.

ಮುಂದಿನ ಪಾಠ ಮುಗಿದು ಪ್ರಶ್ನೆಗಳ ಹೊತ್ತಿನಲ್ಲಿ ಪುಸ್ತಕದ ಫೋಟೋ ಕಳಿಸಿ ಬರೆದು ಕೇಳಿದೆ. ನನ್ನ ಇಂಗ್ಲಿಷು ಹೇಗಿತ್ತೋ, ಮೇಡಂ ನಿಧಾನವಾಗಿ ಓದಿದರು. ಮನೆಯಲ್ಲಿ ಏನೂ ಮಾಡಬೇಡಿ ಎಂದರು. ಟೇಪು ಎಳೆಯಬೇಡಿ, ನೀರು ಬೇಡ, ಇಸ್ತ್ರಿ ಬೇಡ, ಬಿಸಿಲು ಬೇಡ. ಪದೇ ಪದೇ ತೆರೆಯಬೇಡಿ. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ಸುತ್ತಿ ಅಡ್ಡ ಮಲಗಿಸಿಡಿ. ಇದನ್ನು ಬಲ್ಲವರ ಕಡೆಗೇ ಒಯ್ಯಬೇಕು ಎಂದು ದೂರದ ಎರಡು ಊರುಗಳ ಹೆಸರು ಹೇಳಿದರು. ಆ ಊರುಗಳಿಗೆ ಫೋನು ಮಾಡಿದೆವು. ಒಂದರಲ್ಲಿ ಎತ್ತಲಿಲ್ಲ. ಇನ್ನೊಂದರಲ್ಲಿ ಕಚೇರಿಯ ಮೂಲಕ ಪತ್ರ ಬರಲಿ ಎಂದರು. ಪತ್ರ ಹೋಯಿತು. ಉತ್ತರ ಇವತ್ತಿನವರೆಗೂ ಬಂದಿಲ್ಲ.

"ಅಂದರ, ಏನೂ ಮಾಡಬ್ಯಾಡ್ರಿ ಅಂತಾರ," ಎಂದರು ಅಕ್ಕ.

"ಹೌದ್ರಿ."

"ಏನೂ ಮಾಡದ ಹ್ಯಾಂಗ ಕೂಡೂದು ಬೇ? ಈ ಕೈ ಎಲ್ಲಿ ಇಟ್ಕೊಳ್ಳಿ?"

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಕೈಬರಹ ಹೋದರೂ ಪದಗಳಾದರೂ ಉಳಿಯಲಿ, ನಕಲು ಮಾಡೋಣ. ಒಂದೊಂದು ಹಾಳೆ ಒಂದೇ ಸಲ ತೆರೆಯುವುದು, ಒಂದೇ ಸಲ ಮುಚ್ಚುವುದು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ನಾನು ಕೂರುತ್ತಿದ್ದೆ. ಕಾಣಿಸಿದ್ದನ್ನು ಓದುತ್ತಿದ್ದೆ. ಕಾಣದಲ್ಲಿ ಕಣ್ಣು ಮುಚ್ಚಿ ಅಪ್ಪ ಹಾಡುತ್ತಿದ್ದ ಧಾಟಿಯಲ್ಲಿ ಹಾಡಿದರೆ ಎಷ್ಟೋ ಸಲ ಮಾತು ತಾನೇ ಬಾಯಿಗೆ ಬರುತ್ತಿತ್ತು. ಅಕ್ಕ ಬರೆದುಕೊಳ್ಳುತ್ತಿದ್ದರು. ನನ್ನ ಕರ್ಕಶ ದನಿ ಕೇಳಿ, "ನಿಮ್ಮಪ್ಪಾರು ಇದ್ದಿದ್ದರ ತಾಳ ಕೆಳಗ ಇಟ್ಟ ಓಡತಿದ್ದರು" ಎಂದು ನಗುತ್ತಿದ್ದರು. ಆ ತಿಂಗಳುಗಳಲ್ಲಿ ಅವರು ಅಂಟು ಮುಟ್ಟಲಿಲ್ಲ. ಉಗುರಿನ ಬುಡದಿಂದ ಗುಲಾಬಿ ಬಣ್ಣ ಮೇಲೇರಿ ಬರುತ್ತಿದ್ದುದನ್ನು, ಅವರು ಬರೆಯುವಾಗ, ನಾನು ನೋಡುತ್ತಿದ್ದೆ.

ಒಂದು ಪದದಲ್ಲಿ ಮಾತ್ರ ಎರಡು ಸಾಲು ಟೇಪಿನೊಂದಿಗೆ ಹೋಗಿದ್ದವು. ನನಗೆ ನೆನಪಿರಲಿಲ್ಲ. ಬಸ್ಸು ಹತ್ತಿ ತವರಿಗೆ ಹೋಗಿ ಅಪ್ಪನ ಜೊತೆ ಏಕತಾರಿ ನುಡಿಸುತ್ತಿದ್ದ ಮುದುಕರನ್ನು ಕೇಳಿದೆ. ಅವರಿಗೆ ಕಿವಿ ಹೋಗಿತ್ತು. ಪದದ ಮೊದಲ ಸಾಲು ಬರೆದು ತೋರಿಸಿದೆ. ಮುಖ ಅರಳಿತು. ಬಾಯಿಂದ ಧಾಟಿ ಪೂರ್ತಿ ಗುನುಗಿದರು, ಆ ಎರಡು ಸಾಲಿನ ಏರಿಳಿತ ಕೂಡ. ಮಾತು ಮಾತ್ರ ಒಂದೂ ಬರಲಿಲ್ಲ. ಕೈ ಅಲ್ಲಾಡಿಸಿ ಅತ್ತರು. ವಾಪಸು ಬಂದು ಹೇಳಿದಾಗ ಅಕ್ಕ ಸಮಾಧಾನ ಮಾಡಲು ಹೋಗಲಿಲ್ಲ. ನಾವೇ ಎರಡು ಸಾಲು ಕೂಡಿಸೋಣವೇ ಎಂದು ನಾನು ಕೇಳಿದೆ.

"ಬ್ಯಾಡ. ಒಮ್ಮೆ ಸೇರಿಸಿ ನೋಡೇನಿ ಸಾಕು. ಜಾಗ ಬಿಡು," ಎಂದು ಎರಡು ಗೆರೆ ಖಾಲಿ ಬಿಟ್ಟು ಮುಂದಿನದು ಬರೆದರು.

ಹತ್ತನೆಯ ಪಾಠದ ಹೊತ್ತಿಗೆ ಮೆಟ್ಟಿಲು ಹತ್ತಲು ಅವರಿಗೆ ಆಗಲಿಲ್ಲ. ಹೊಟ್ಟೆನೋವು ಎನ್ನುತ್ತ ಓಮಿನ ನೀರು ಕುಡಿಯುತ್ತಿದ್ದರು. ಕಲಬುರಗಿಗೆ ಕರೆದೊಯ್ದೆವು. ಬೆರಳಿಗೆ ಚಿಮಟದಂಥದ್ದು ಸಿಕ್ಕಿಸಲು ಬಂದ ನರ್ಸಮ್ಮ, "ಪಾಲಿಶ್ ತೆಗೀರಿ, ಮಷೀನ್ ತೋರಸೂದಿಲ್ಲ" ಎಂದಳು. "ಪಾಲಿಶ್ ಅಲ್ಲವಾ, ನನ್ನ ಸರ್ವಿಸು," ಎಂದರು ಅಕ್ಕ. ಒಳಗೆ ಗಂಟು ಬೆಳೆದಿತ್ತು, ಬಹಳ ಮುಂದೆ ಹೋಗಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಮುಚ್ಚಿಡಬೇಕೆಂದುಕೊಂಡಿದ್ದೆ. ಆದರೆ ಊರಿಗೆ ಮರಳುವ ಜೀಪಿನಲ್ಲಿ ಕೇಳಿಯೇ ಬಿಟ್ಟರು.

"ಏನಂದರು?"

"ಮನೀಗೆ ಒಯ್ರಿ ಅಂದರು."

"ಮಾಡೂದೇನೂ ಇಲ್ಲ ಅಂದಿರಬೇಕು. ಆ ಮೇಡಂನೂ ಹಂಗ ಅಂದಿದ್ದರು ನೋಡು. ಹತ್ತಿ ಅರಿವ್ಯಾಗ ಸುತ್ತಿ ಅಡ್ಡ ಮಲಗಸ್ರಿ." ನಕ್ಕರು. ನನಗೆ ನಗಲಾಗಲಿಲ್ಲ. "ಅಳಬ್ಯಾಡ ಬೇ, ದಾರಿ ಕೆಟ್ಟದ, ಮೊದಲ ನನ್ನ ಹಿಡಕೋ."

ಗಂಜಿ ಕಾಯಿಸಿದೆ. ಬಾಯಿಗೆ ಹೋಗಲಿಲ್ಲ. ಕಾಲು ಒತ್ತಿದೆ, ನೋಯುತ್ತದೆ ಎಂದರು. ಯಾವುದೋ ಬೇರಿನ ಔಷಧಿ ತಂದೆ, ವಾಂತಿಯಾಯಿತು. ಆಮೇಲೆ ಬರೀ ಪಕ್ಕದಲ್ಲಿ ಕೂತೆ. ಏನೂ ಮಾಡದೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಅವರು ಹೇಳಿದ್ದು ನನಗೆ ಆಗ ತಿಳಿಯಿತು. ಹನ್ನೆರಡನೆಯ ಪಾಠದ ಶನಿವಾರ ಬಂದಾಗ, ಹೋಗು, ಕೇಳಿಕೊಂಡು ಬಂದು ಹೇಳು ಎಂದು ಕೈಸನ್ನೆ ಮಾಡಿದರು. ಮಾಳಿಗೆ ಹತ್ತಿ ಒಬ್ಬಳೇ ಕೇಳಿದೆ. ಇಳಿದು ಬಂದು ಹೇಳುವಾಗ ಅರ್ಧಕ್ಕೇ ನಿದ್ದೆ ಹೋದರು. ಉಳಿದರ್ಧ ಹೇಳುವುದು ಆಗಲೇ ಇಲ್ಲ. ಸೋಮವಾರ ಬೆಳಗ್ಗೆ ಹೋದರು.

ಸುದ್ದಿ ತಿಳಿದು ಕೊಳಕೂರಿನಿಂದ ಅವರ ವೈನಿ, ಅಂದರೆ ಅಣ್ಣನ ಹೆಂಡತಿ, ಬಂದರು. ಮಣ್ಣಿಗೊಯ್ಯುವ ಮುಂಚೆ ಮೈ ತೊಳೆದು ಕೂಡಿಸಿ ವಿಭೂತಿ ಹಚ್ಚುವಾಗ ಕೈ ಹಿಡಿದು ನೋಡಿದರು. ಎಲ್ಲ ಉಗುರೂ ಗುಲಾಬಿಯಾಗಿದ್ದವು. ಎರಡು ಹೆಬ್ಬೆರಳಿನ ತುದಿಯಲ್ಲಿ ಮಾತ್ರ ನೀಲಿ ಉಳಿದಿತ್ತು, ಬಿದಿಗೆಯ ಚಂದ್ರನಷ್ಟು.

"ಇದೇನು ಹೊಲಸು," ಎಂದು ಅವರು ಸೀಗೆಪುಡಿ ಹಚ್ಚಿ ತಿಕ್ಕಿದರು. ಹೋಗಲಿಲ್ಲ. "ಬ್ಲೇಡ್ ಕೊಡ್ರಿ ಯಾರಾರ, ಕತ್ತರಿಸಿ ತೆಗೀತೇನಿ."

ನಾನು ಆ ಕೈಯನ್ನು ಅವರಿಂದ ಬಿಡಿಸಿಕೊಂಡು ನನ್ನ ಕೈಯಲ್ಲಿ ಇಟ್ಟುಕೊಂಡೆ.

"ಬಿಡ್ರಿ ವೈನಿ," ಎಂದೆ. "ಏನೂ ಮಾಡಬ್ಯಾಡ್ರಿ. ಇದ್ದ ಹಾಂಗೇ ಇರ್ಲಿ."

ಅಪ್ಪನ ಪುಸ್ತಕ ಈಗ ಅವರ ಹಳೆಯ ಹತ್ತಿ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿ ಅಡ್ಡ ಮಲಗಿದೆ. ನಾನು ತೆರೆದು ನೋಡುವುದಿಲ್ಲ. ಓದಬೇಕೆನಿಸಿದಾಗ ಅಕ್ಕನ ಅಕ್ಷರದ ನೋಟುಬುಕ್ಕು ತೆಗೆಯುತ್ತೇನೆ, ಹಾಡುತ್ತ ಹೋಗುತ್ತೇನೆ. ಆ ಎರಡು ಖಾಲಿ ಗೆರೆ ಬಂದಾಗ ಮಾತಿಲ್ಲದೆ ಧಾಟಿಯಷ್ಟೇ ಗುನುಗಿ ಮುಂದಿನ ಸಾಲಿಗೆ ದಾಟುತ್ತೇನೆ.