ಡೈರಿ ಅಕ್ಕನ ಕಡೆಯ ಮಾತು

ಹನುಮಸಾಗರದ ಡೈರಿಯಲ್ಲಿ ಹಾಲು ಅಳೆಯುತ್ತಿದ್ದ ಅವರು ಊರಿಗೆಲ್ಲ ಡೈರಿ ಅಕ್ಕ. ದನಗಳ ಕಾಯಿಲೆ ಕೇಳಲು ಮೊಬೈಲಿನಲ್ಲಿ ಚಾಟ್‌ಬಾಟ್ ಬಂದಾಗ, ರೈತರು ಅದಕ್ಕೆ ಹೇಳಬೇಕಾದ ಆದೇಶದ ಪದಗಳನ್ನು ಕನ್ನಡ, ಉರ್ದು, ತೆಲುಗಿಗೆ ತರುವ ಕೆಲಸ ನನ್ನ ಮತ್ತು ಅಕ್ಕನ ಪಾಲಿಗೆ ಬಂತು. ನಾನು ಏನೇ ಬರೆದರೂ ಅಕ್ಕ ತಲೆ ಓರೆ ಮಾಡಿ, "ಮೊದಲ ಬಾಯಾಗ ಹಾಕ್ಕೊಂಡು ನೋಡ್ರಿ ಸರ" ಎನ್ನುತ್ತಿದ್ದರು.

ಪ್ರಶ್ನೆ ಹೇಳಿ ಕೊನೆಗೆ "ಮುಗಿಯಿತು" ಎಂದರೆ ಮಾತ್ರ ಅದು ದನದ ಡಾಕ್ಟರಿಗೆ ತಲುಪುತ್ತಿತ್ತು. ಅವಸರದಲ್ಲಿ ಆ ಪದ ಹಾಕಿದವನು ನಾನೇ. ಒಂದು ಮುಂಜಾನೆ ಅಜ್ಜಿಯೊಬ್ಬಳು ಡೈರಿಗೆ ಬಂದಳು. ಎರಡು ದಿನದಿಂದ ಎಮ್ಮೆ ಎದ್ದಿಲ್ಲ, ಡಾಕ್ಟರಿಂದ ಉತ್ತರವೂ ಇಲ್ಲ.

ಅಕ್ಕ ಅವಳ ಮೊಬೈಲು ನೋಡಿ, "ಕಡೀ ಮಾತು ಹೇಳೇ ಇಲ್ಲಲ್ಲ ಆಯಿ?" ಎಂದರು.

"ಎಮ್ಮಿ ನೆಲಾ ಹಿಡದೈತಿ. ಮುಗೀತು ಅಂತ ನನ್ನ ಬಾಯಿಂದ ಅನ್ಲೇನು? ನಿನ್ನ ಮನ್ಯಾಗಾದ್ರ ನೀ ಅಂತಿದ್ದೇನು?"

ಅಕ್ಕ ತಾವೇ ಡಾಕ್ಟರಿಗೆ ಫೋನು ಮಾಡಿದರು. ಮಧ್ಯಾಹ್ನದೊಳಗೆ ಸೂಜಿ ಬಿತ್ತು, ಎಮ್ಮೆ ಉಳಿಯಿತು. ಆಮೇಲೆ ಅಕ್ಕ ನಾನು ಪದಗಳನ್ನು ಬರೆದಿದ್ದ ಹಾಳೆ ಎಳೆದುಕೊಂಡರು.

"ಮಂದಿ ಮನಿಯಿಂದ ಏಳುವಾಗ ಏನಂತೀರಿ ಸರ?"

"ಬರ್ತೀನ್ರಿ ಅಂತೀನಿ."

"ಮತ್ತ? ಅದನ್ನ ಬರೀರಿ."

ಉರ್ದುವಿಗೆ "ಆತೂಂ", ತೆಲುಗಿಗೆ "ವಸ್ತಾನಂಡಿ" ಎಂದು ಅವರೇ ಹೇಳಿಕೊಟ್ಟರು. ಹೋಗುವಾಗ ಬರುತ್ತೇನೆ ಎನ್ನದ ಜನ ನಮ್ಮ ಸೀಮೆಯಲ್ಲಿ ಯಾರಿದ್ದಾರೆ?

ಮೊನ್ನೆ ಗಂಗಾವತಿಯ ಚಹದಂಗಡಿಯಲ್ಲಿ ರೈತನೊಬ್ಬ ತನ್ನ ಹಸುವಿನ ಸಂಕಟವನ್ನೆಲ್ಲ ಮೊಬೈಲಿಗೆ ತೆಲುಗಿನಲ್ಲಿ ಹೇಳಿ, ಹಿರಿಯರಿಗೆ ಹೇಳುವಂತೆ ತಲೆಬಾಗಿ "ವಸ್ತಾನಂಡಿ" ಎಂದ. ನನಗೆ ತಡೆಯಲಾಗಲಿಲ್ಲ. ಗುರುತಿಲ್ಲದ ಅವನ ಭುಜ ಮುಟ್ಟಿ ಹೇಳಿಯೇಬಿಟ್ಟೆ: "ಆ ಮಾತು ನಮ್ಮ ಡೈರಿ ಅಕ್ಕಂದು."