ಗೆಳತಿಯರ ಒಂದೇ ಸೂಜಿ

ನನ್ನ ಮೊಮ್ಮಗಳ ಕೈ ಕೀವುಗಟ್ಟಿದ್ದು ಕೆಟ್ಟ ಕಣ್ಣು ತಾಗಿ ಅಲ್ಲ. ಕೈಮೇಲೆ ಕುರು ಎದ್ದಿದ್ದ ಗೆಳತಿಗೆ ಹಚ್ಚೆ ಚುಚ್ಚಿದ ಸೂಜಿಯನ್ನೇ ಇವಳಿಗೂ ಚುಚ್ಚಿದರು, ಅದಕ್ಕೆ. ಊರವರು ಏನೇ ಅನ್ನಲಿ, ನಡೆದದ್ದು ಇಷ್ಟೇ.

ನಮ್ಮ ದೇವಾಪುರದ ಕಡೆ ಜೀವದ ಗೆಳತಿಯರು ಒಂದೇ ಸೂಜಿಯಲ್ಲಿ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ನನ್ನ ಮುಂಗೈ ಮೇಲೂ ಅಂಥದೊಂದು ತೊಟ್ಟಿಲಿನ ಚಿತ್ರವಿದೆ. ಆಗ ಹಚ್ಚೆ ಹಾಕುವವಳು ಮನೆ ಬಾಗಿಲಿಗೇ ಬರುತ್ತಿದ್ದಳು. ಕಾಲುವೆ ಬಂದು ಭತ್ತದ ನಾಟಿ ಶುರುವಾದ ಮೇಲೆ ಹುಡುಗಿಯರ ಕೈಯಲ್ಲಿ ಕೂಲಿ ದುಡ್ಡು ಆಡಿತು. ಸುರಪುರಕ್ಕೆ ಹೋಗಿ ಮಷೀನಿನಲ್ಲಿ ಹಾಕಿಸಿಕೊಂಡು ಬರತೊಡಗಿದರು. ಮೊಮ್ಮಗಳು ಹಾಕಿಸಿಕೊಂಡ ಅಂಗಡಿ ನನ್ನ ಅಣ್ಣನ ಮಗನದೇ.

ಸುರಪುರದ ದವಾಖಾನೆಯಲ್ಲಿ ಡಾಕ್ಟರು ಕೈ ಕೊಯ್ದು ಕೀವು ತೆಗೆದರು. ರಕ್ತದ ರೋಗವೂ ಹತ್ತಬಹುದು, ಮತ್ತೊಮ್ಮೆ ಪರೀಕ್ಷೆಗೆ ಕರೆತನ್ನಿ ಎಂದರು. ಇನ್ನೊಬ್ಬ ಹುಡುಗಿಗೆ ಹೀಗಾಗಬಾರದು ಎಂದು ನಾನು ಅಲ್ಲಿಂದ ನೆಟ್ಟಗೆ ಪುರಸಭೆಗೆ ಹೋದೆ.

"ಸಾಹೇಬ್ರ, ಆ ಹಚ್ಚಿ ಅಂಗಡಿಗಿ ಪರವಾನಗಿ ಯಾರು ಕೊಟ್ಟೀರಿ?"

ಅಲ್ಲಿನ ಆರೋಗ್ಯ ಶಾಖೆಯ ಸಾಹೇಬರು ತಲೆ ಕೆರೆದುಕೊಂಡರು. "ಅದು ಬಳಿ, ಕುಂಕುಮದ ಅಂಗಡಿ ಅಂತ ಕೊಟ್ಟದ್ದಬೇ. ಹಚ್ಚಿ ಹಾಕೂದಕ್ಕ ಅಂವ ಬ್ಯಾರೆ ಕೇಳೇ ಇಲ್ಲ."

"ಚಾದಂಗಡಿಯಾಗ ಕಪ್ಪು ತೊಳದಾರೋ ಇಲ್ಲೋ ನೋಡ್ತೀರಿ. ಮೈಯಾಗ ಹೊಗೋ ಸೂಜಿ ನೋಡಂಗಿಲ್ಲೇನ್ರಿ?"

"ನೋಡೂನು. ಯಾದಗಿರಿಯಿಂದ ಹುಕುಂ ಬರ್ಲಿ."

"ಅಲ್ಲೀತನಕ ಯಾರು ಕಾಯ್ಬೇಕ್ರಿ?"

"ನೀನೇ ಕಾಯಿಬೇ ಹಂಗಾದ್ರ!" ಎಂದು ನಕ್ಕರು. ಪಕ್ಕದ ಗುಮಾಸ್ತನೂ ನಕ್ಕ. ನಾನು ನಗಲಿಲ್ಲ.

ಅಂಗಡಿಗೆ ಹೋದರೆ ಅಣ್ಣನ ಮಗ ಆಗಲೇ ಸುದ್ದಿ ಕೇಳಿ ಕೆಂಪಾಗಿದ್ದ.

"ಅತ್ತಿ, ಸ್ವಂತ ಅಳಿಯನ ಹೊಟ್ಟಿ ಮ್ಯಾಲ ಹೊಡಿಯಾಕತ್ತೀಯಲ್ಲ! ಒಂದ ಸೂಜಿ ಬೇಕಂದಾಕಿ ನಿನ್ನ ಮೊಮ್ಮಗಳು."

"ಆಕಿ ಇಲಿ ಪಾಷಾಣ ಕೇಳಿದ್ರ ಕೊಡ್ತಿದ್ದೇನು?"

"ಹೊಸಾ ಸೂಜಿ ಪಾಕೀಟು ಅವ. ಮಂದೀನೇ ಬ್ಯಾಡ ಅಂತಾರ."

"ಮಂದಿಗಿ ನಾ ಹೇಳ್ತೀನಿ."

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಸುರಪುರಕ್ಕೆ ಬಂದೆ. ಅವನು ಶಟರ್ ಎತ್ತುವ ಮೊದಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಇಬ್ಬರು ಹುಡುಗಿಯರು ಕೈ ಕೈ ಹಿಡಿದುಕೊಂಡು ಬಂದರು.

"ಒಂದ ಸೂಜಿಲೇ ಹಾಕ್ತಾರೇನಬೇ ಇಲ್ಲಿ?"

"ಗೆಳೆತನ ಒಂದ ಇರ್ಲಿ, ಸೂಜಿ ಎರಡ ಇರ್ಲಿ. ಅಂವ ನಿಮ್ಮ ಕಣ್ಣೆದುರಿಗೇ ಪಾಕೀಟು ಒಡೀಲಿ. ಒಲ್ಲೆಂದ್ರ ತಿರುಗಿ ಬಸ್ ಹತ್ತರಿ."

ಅವರು ನನ್ನ ಮುಖ ನೋಡಿದರು, ನನ್ನ ಮುಂಗೈ ತೊಟ್ಟಿಲನ್ನೂ ನೋಡಿದರು. ಅಳಿಯ ಹಲ್ಲು ಕಡಿಯುತ್ತಲೇ ಎರಡು ಪಾಕೀಟು ಒಡೆದ. ನಾನು ಮೆಟ್ಟಿಲು ಬಿಟ್ಟು ಏಳಲಿಲ್ಲ.