ಅವ್ವನ ಹುಣಸೆ ನೀರು

ನನ್ನ ಗೈಡ್ ಆಳಂದದ ದೊಡ್ಡ ಮನೆತನದವರು. ಅದನ್ನು ದಿನಕ್ಕೊಮ್ಮೆ ನಮಗೆ ನೆನಪಿಸದಿದ್ದರೆ ಅವರಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಲ್ಯಾಬಿನ ಕಡೆ ಹಾಯುತ್ತಿದ್ದುದು ಫೋಟೊ ತೆಗೆಸಿಕೊಳ್ಳುವ ದಿನ ಮಾತ್ರ. ಕತ್ತೆಯಂತೆ ದುಡಿಯಲು ನಾನಿದ್ದೆನಲ್ಲ. ಎಲುಬು ಕೂಡಿಸುತ್ತದೆಂದು ಹೆಸರಾದ ಮಂಗರಬಳ್ಳಿಯ ರಸಕ್ಕೆ ಕ್ಯಾಲ್ಸಿಯಂ, ಫಾಸ್ಫೇಟ್ ಬೆರೆಸಿ, ಮುರಿದ ಎಲುಬಿನ ಸಂದು ತುಂಬಬಲ್ಲ ನ್ಯಾನೊ ಪುಡಿ ತಯಾರಿಸುವುದು ನನ್ನ ಕೆಲಸ. ನನ್ನ ಪಿಎಚ್.ಡಿ. ನಿಂತಿದ್ದೇ ಆ ಪುಡಿಯ ಮೇಲೆ.

ಬಳ್ಳಿಯನ್ನು ನಮ್ಮೂರು ಕೊಳಕೂರಿನಿಂದ ಅವ್ವ ಬಸ್ಸಿಗೆ ಹಾಕಿ ಕಳಿಸುತ್ತಿದ್ದಳು. ಮೊದಲ ಸಲವೇ ಪುಡಿ ಸಣ್ಣಗೆ, ಸಮನಾಗಿ ಬಂತು. ಎಲುಬಿನ ಜೀವಕೋಶಗಳು ಅದರ ಮೇಲೆ ಸೊಗಸಾಗಿ ಬೆಳೆದವು. ಗೈಡ್ ನಮ್ಮ ಲೇಖನವನ್ನು ಗಾಣಗಾಪುರಕ್ಕೆ ಒಯ್ದು ದೇವರ ಪಾದುಕೆಗೆ ಮುಟ್ಟಿಸಿಕೊಂಡು ಬಂದು, ಆಮೇಲೆ ವಿಜ್ಞಾನ ಪತ್ರಿಕೆಗೆ ಕಳಿಸಿದರು. ಪುಡಿಯನ್ನು ಇನ್ನೊಮ್ಮೆ ಮಾಡಿ ತೋರಿಸಿ ಎಂದು ಪತ್ರಿಕೆಯವರು ಕೇಳಿದರು.

ಆಗ ಅವ್ವ ಅಫಜಲಪುರದಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದಳು. ನಾನೇ ಊರಿಗೆ ಹೋಗಿ ಬೇಲಿಯ ಬಳ್ಳಿ ಕೊಯ್ದು ತಂದೆ. ಪುಡಿ ಗಂಟುಗಂಟಾಗಿ ಬಂತು. ಎಷ್ಟು ಸಲ ಮಾಡಿದರೂ ಅದೇ ಗತಿ.

"ನಿನ್ನ ಕೈಗುಣಾನೇ ಸರಿ ಇಲ್ಲ ಬಿಡಮ್ಮ," ಅಂದರು ಗೈಡ್.

ಸಿಟ್ಟು ನುಂಗಿಕೊಂಡು ಅವ್ವನಿಗೆ ಫೋನ್ ಮಾಡಿ, ಬಳ್ಳಿಗೆ ಏನಾದರೂ ಮಾಡಿ ಕಳಿಸುತ್ತಿದ್ದೆಯಾ ಎಂದು ಕೇಳಿದೆ.

"ಹುಣಸಿ ನೀರಾಗ ನೆನಸಿ ಕಳಸ್ತಿದ್ನೆವ್ವಾ. ಇಲ್ಲಂದ್ರ ನಿನ್ನ ಕೈಗಿ ತುರಿಕಿ ಹತ್ತತದಲ್ಲ. ಚಟ್ನಿ ಮಾಡಾಗೂ ಹಂಗೇ ಮಾಡ್ತೀವಿ."

ಆಗ ಹೊಳೆಯಿತು: ಪುಡಿಯನ್ನು ಗಂಟಾಗದಂತೆ ಹಿಡಿದಿದ್ದು ಬಳ್ಳಿಯಲ್ಲ, ಹುಣಸೆಯ ಹುಳಿ. ನಾನೋ, ಎಲ್ಲರ ಲೇಖನಗಳಲ್ಲಿ ಇರುವ ಸಾಲನ್ನೇ ಕಣ್ಣುಮುಚ್ಚಿ ಬರೆದಿದ್ದೆ: ಬಳ್ಳಿಯನ್ನು ಶುದ್ಧ ನೀರಿನಲ್ಲಿ ಮೂರು ಸಲ ತೊಳೆಯಲಾಯಿತು. ಅದನ್ನು ತಿದ್ದಿ, ಹುಣಸೆ ನೀರಿನ ಮಾತು ಸೇರಿಸಿ ಗೈಡ್ ಮುಂದಿಟ್ಟೆ.

"ಹುಣಸಿಹುಳಿ ಅಂತ ಬರದ್ರ ನಗ್ತಾರಮ್ಮ. ಸೈನ್ಸ್ ಅಂದ್ರ ನಿಮ್ಮವ್ವನ ಅಡಗಿಮನಿ ಅಲ್ಲ. ಹುಣಸಿ ಹಾಕೇ ಮಾಡು, ಆದ್ರ ಬರೀಬ್ಯಾಡ."

ಪಾದುಕೆ ಇವರಿಗೆ ವಿಜ್ಞಾನ, ಅವ್ವನ ಹುಣಸೆ ನಗೆಪಾಟಲು. ಥೂ, ಇಂಥವರ ಮುಖಕ್ಕೆ ಆ ಹಾಳೆ ಒಗೆಯಬೇಕಿತ್ತು. ಒಗೆಯಲಿಲ್ಲ. ಹೇಳಿದಂತೆ ಮಾಡಿದೆ. ಪುಡಿ ಬಂತು, ಲೇಖನ ಅಚ್ಚಾಯಿತು, ಹೆಸರಿನ ಹಿಂದೆ ಡಾಕ್ಟರ್ ಅಂಟಿತು.

ಮೊನ್ನೆ ಬೇರೊಂದು ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ನನಗೆ ಮೇಲ್ ಕಳಿಸಿದ್ದಾಳೆ. "ಮೇಡಂ, ನೀವು ಬರೆದಂತೆಯೇ ಮೂರು ಸಲ ತೊಳೆದೆ. ವರ್ಷದಿಂದ ಪುಡಿ ಗಂಟಾಗುತ್ತಲೇ ಇದೆ. ನನ್ನ ಕೈಗುಣವೇ ಸರಿಯಿಲ್ಲ ಅನ್ನುತ್ತಾರೆ ಗೈಡ್. ನನ್ನ ತಪ್ಪೇನು?"